ಕೊಯಮತ್ತೂರಿನ ಮೂರು ದಿವಸ

ನರಗುಂದ
18 ನವೆಂಬರ್ 2024

ಮುದಿಯಪ್ಪ ಬಣ್ಣದ ಅವರಿಗೆ, ಗಜೇಂದ್ರಗಡ

ನಮಸ್ಕಾರ. ನಾನು ನರಗುಂದದಲ್ಲಿ ಜಯಂತ ಸರ್ ಅವರ ತೆರಿಗೆ ಆಫೀಸಿನಲ್ಲಿ ಕೆಲಸ ಮಾಡುವ ಅನಘಾ. ನಿಮ್ಮ ಸೀರೆ ವ್ಯಾಪಾರದ ರಿಟರ್ನ್ ತುಂಬುವವರು ನಾವೇ ಆದರೂ, ನಾನು ಸೇರಿ ಎಂಟು ತಿಂಗಳಾಯಿತಷ್ಟೆ. ನೀವು ನನ್ನನ್ನು ನೋಡಿಲ್ಲ. ಶನಿವಾರ ಮೂರು ಸಲ ಫೋನ್ ಮಾಡಿದೆ. ನೀವು 'ಹಲೋ ಹಲೋ' ಎಂದು ಇಟ್ಟುಬಿಟ್ಟಿರಿ. ನಾಲ್ಕನೇ ಸಲ ನಿಮ್ಮ ಮನೆಯವರು ಎತ್ತಿಕೊಂಡರು. "ಅವರಿಗೆ ಕಿವಿ ಕೇಳಂಗಿಲ್ಲ ತಂಗಿ, ನನಗ ನಿಮ್ಮ ಟ್ಯಾಕ್ಸಿನ ಮಾತು ತಿಳಿಯಂಗಿಲ್ಲ. ಒಂದ ಹಾಳ್ಯಾಗ ಬರದ ಕಳಸು, ಅವರು ಓದತಾರ" ಎಂದರು. ನನಗೂ ಅದೇ ಅನುಕೂಲ. ಗುರುತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡುವಾಗ ಹೇಳಬೇಕಾದದ್ದರಲ್ಲಿ ಅರ್ಧ ಮರೆತುಬಿಡುತ್ತೇನೆ. ಕನ್ನಡ ಎಂ.ಎ. ಮಾಡಿದವಳಿಗೆ ಇಲ್ಲಿ ಏನು ಕೆಲಸ ಎಂದು ಬಂದವರು ಕೇಳಿದರೆ ಜಯಂತ ಸರ್ "ಪತ್ರ ಬರಿಯಾಕ ಬೇಕಲ್ರೀ" ಎನ್ನುತ್ತಾರೆ.

ವಿಷಯವೇನೆಂದರೆ, 2023ರ ಫೆಬ್ರುವರಿಯಲ್ಲಿ ನೀವು ಕೊಯಮತ್ತೂರಿನ ಕೈಮಗ್ಗ ವ್ಯಾಪಾರಿಗಳ ಸಮ್ಮೇಳನಕ್ಕೆ ಹೋಗಿಬಂದ ಖರ್ಚನ್ನು ವ್ಯಾಪಾರದ ಖರ್ಚೆಂದು ನಿಮ್ಮ ಆದಾಯದಲ್ಲಿ ಕಳೆದು ತೋರಿಸಿದ್ದೇವೆ. ಆದಾಯ ತೆರಿಗೆ ಇಲಾಖೆಯಿಂದ ಈಗ ನೋಟಿಸ್ ಬಂದಿದೆ. ನೀವು ನಿಜವಾಗಿ ಹೋಗಿದ್ದಿರೋ ಇಲ್ಲವೋ, ಹೋದದ್ದು ವ್ಯಾಪಾರಕ್ಕೋ ತಿರುಗಾಟಕ್ಕೋ ಎಂದು ಕೇಳಿದ್ದಾರೆ. ಪುರಾವೆ ಕೊಡದಿದ್ದರೆ ಖರ್ಚನ್ನು ಒಪ್ಪುವುದಿಲ್ಲ. ತೆರಿಗೆ, ದಂಡ ಬೀಳುವುದು ಒಂದು ಕಡೆ. ಸುಳ್ಳು ಖರ್ಚು ಬರೆದವರು ಎಂಬ ಮಾತು ನಿಮ್ಮ ಕಡತದಲ್ಲಿ ಉಳಿದುಬಿಡುತ್ತದೆ. ರೈಲಿನ ಟಿಕೇಟು, ವಸತಿಯ ಬಿಲ್ಲು ಮತ್ತು ಸಮ್ಮೇಳನದಲ್ಲಿ ಕೊಟ್ಟ ಪ್ರಮಾಣಪತ್ರ ಇವಿಷ್ಟನ್ನು ಡಿಸೆಂಬರ್ 5ರೊಳಗೆ ಸಲ್ಲಿಸಬೇಕು. ಮೂಲ ಪ್ರತಿಗಳನ್ನೇ ಕಳಿಸಿ.

ಇಂತಿ,
ಅನಘಾ


ಗಜೇಂದ್ರಗಡ
25 ನವೆಂಬರ್ 2024

ಅನಘಾ ಮೇಡಂ ಅವರಿಗೆ ಮುದಿಯಪ್ಪ ಬಣ್ಣದ ಮಾಡುವ ನಮಸ್ಕಾರಗಳು.

ಹದಿನಾರು ವರ್ಷ ಇಚಲಕರಂಜಿಯ ವಿದ್ಯುತ್ ಮಗ್ಗಗಳ ನಡುವೆ ನಿಂತು ನನ್ನ ಕಿವಿ ಹೋಯಿತು. ಮನೆಯವಳ ಮಾತನ್ನು ಮಾತ್ರ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ನಿಮ್ಮ ಫೋನಿಗೆ ಉತ್ತರಿಸದಿದ್ದುದಕ್ಕೆ ಕ್ಷಮೆ ಇರಲಿ.

ಸುಳ್ಳು ಖರ್ಚು ಎಂಬ ಮಾತು ಓದಿ ಆ ದಿನ ಊಟ ಸೇರಲಿಲ್ಲ. ನಾವು ಹೋಗಿದ್ದೆವು. ಮೂರು ದಿವಸ ಅಲ್ಲಿದ್ದೆವು. ಸೀರೆಯ ದಡಿಯ ವಿನ್ಯಾಸವನ್ನು ಬೇರೆಯವರು ನಕಲು ಮಾಡದ ಹಾಗೆ ಸರಕಾರದಲ್ಲಿ ನೋಂದಾಯಿಸುವುದು ಹೇಗೆ ಎಂದು ಒಬ್ಬರು ಪರದೆಯ ಮೇಲೆ ತೋರಿಸಿದರು. ನನಗೆ ಕೇಳಿಸದಿದ್ದರೂ ಪರದೆಯ ಮೇಲಿನದನ್ನು ನೋಡಿ ಬರೆದುಕೊಂಡೆ. ಈರೋಡಿನ ಒಬ್ಬ ವ್ಯಾಪಾರಿ ನಮ್ಮ ಸೀರೆಗಳನ್ನು ನೋಡಿ ನಲವತ್ತಕ್ಕೆ ಆರ್ಡರ್ ಕೊಟ್ಟರು. ಈಗಲೂ ವರ್ಷಕ್ಕೆರಡು ಸಲ ತರಿಸಿಕೊಳ್ಳುತ್ತಾರೆ. ಅವರ ಪತ್ರವನ್ನೂ ಇಟ್ಟಿದ್ದೇನೆ.

ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೆವು. ನನ್ನ ಹೆಂಡತಿ ಬನಶಂಕರಿ ಅದನ್ನು ಕೊಡಲು ಒಪ್ಪಲಿಲ್ಲ. ನಾಲ್ಕು ದಿನ ತಡವಾದದ್ದು ಅದಕ್ಕೇ. ಕೊನೆಗೆ ನಿನ್ನೆ ತಾನೇ ಹಿಂದಿನ ಮೊಳೆ ಕಿತ್ತು ತೆಗೆದುಕೊಟ್ಟಳು. "ತಿರುಗಿ ಬರತೈತೇನ್ರಿ?" ಎಂದು ಕೇಳಿದಳು. ಬರುತ್ತದೆ ಎಂದಿದ್ದೇನೆ. ಕೆಲಸ ಮುಗಿದ ಮೇಲೆ ದಯವಿಟ್ಟು ಮಡಚದೆ ಕಳಿಸಿರಿ.

ತಮ್ಮ ವಿಶ್ವಾಸಿ,
ಮುದಿಯಪ್ಪ


ನರಗುಂದ
29 ನವೆಂಬರ್ 2024

ಮುದಿಯಪ್ಪ ಅವರಿಗೆ,

ಕಾಗದಗಳೆಲ್ಲ ಮುಟ್ಟಿದವು. ಪ್ರಮಾಣಪತ್ರವನ್ನು ಎರಡು ರಟ್ಟುಗಳ ನಡುವೆ ಇಟ್ಟಿದ್ದೇನೆ. ಅದಕ್ಕೆ ಚೌಕಟ್ಟು ಹಾಕಿಸಿದ್ದು ಓದಿ ನಗು ಬಂತು, ತಪ್ಪು ತಿಳಿಯಬೇಡಿ. ನಮ್ಮ ಅವ್ವ ಇಂದಿರಾಬಾಯಿಯೂ ನನ್ನ ಹತ್ತನೇ ತರಗತಿಯ ಅಂಕಪಟ್ಟಿಗೆ ಹೀಗೆಯೇ ಗಾಜು ಹಾಕಿಸಿದ್ದಾಳೆ. ಮನೆಗೆ ಬಂದವರಿಗೆಲ್ಲ ಗಣಿತದ ಅಂಕ ಕಾಣುತ್ತದೆ.

ಒಂದು ತೊಡಕಿದೆ. ಪ್ರಮಾಣಪತ್ರದಲ್ಲಿ ಹೆಸರಿನ ಜಾಗದಲ್ಲಿ ನೀಲಿ ಶಾಯಿಯಲ್ಲಿ ಶ್ರೀಧರ ಬಣ್ಣದ ಎಂದು ಬರೆದಿದೆ. ಇವರು ನಿಮ್ಮ ಮಗನಿರಬೇಕು ಎಂದುಕೊಂಡಿದ್ದೇನೆ. ಮಗ ಹೋಗಿದ್ದರೂ ನಡೆಯುತ್ತದೆ. ತಾನು ಈ ವ್ಯಾಪಾರದಲ್ಲಿ ಕೆಲಸ ಮಾಡುತ್ತೇನೆ, ವ್ಯಾಪಾರದ ಪರವಾಗಿ ಹೋಗಿದ್ದೆ ಎಂದು ಅವರು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿದರೆ ಸಾಕು. ಟಿಕೇಟುಗಳು ಮಾತ್ರ ನಿಮ್ಮ ಮತ್ತು ಬನಶಂಕರಿ ಅವರ ಹೆಸರಿನಲ್ಲಿವೆ. ಶ್ರೀಧರ ಅವರ ಟಿಕೇಟು ಮನೆಯಲ್ಲಿ ಉಳಿದಿದೆಯೇ ನೋಡಿ.

ಬನಶಂಕರಿ ಅವರ ಪ್ರಯಾಣದ ಖರ್ಚು ಒಪ್ಪಿಗೆಯಾಗುವುದು ಕಷ್ಟ ಎಂದು ಜಯಂತ ಸರ್ ಹೇಳುತ್ತಾರೆ. ಹೆಂಡತಿ ಜೊತೆಗೆ ಬಂದರೆ ಅದು ಮನೆಯ ಖರ್ಚು. ಅವರಿಗೂ ವ್ಯಾಪಾರದಲ್ಲಿ ಕೆಲಸವಿದ್ದರೆ ಏನು ಕೆಲಸ ಎಂದು ಬರೆಯಿರಿ.

ಅನಘಾ


ನರಗುಂದ
9 ಡಿಸೆಂಬರ್ 2024

ಮುದಿಯಪ್ಪ ಅವರಿಗೆ,

ಉತ್ತರ ಬರಲಿಲ್ಲ. ಜಯಂತ ಸರ್ ಇಲಾಖೆಯಿಂದ 20ನೇ ತಾರೀಖಿನವರೆಗೆ ಸಮಯ ಕೇಳಿ ಪಡೆದಿದ್ದಾರೆ. ಮತ್ತೊಮ್ಮೆ ಕೊಡುವುದಿಲ್ಲವಂತೆ.

ಶ್ರೀಧರ ಅವರ ಸಹಿಯೊಂದೇ ಬಾಕಿ. ನನ್ನ ತಮ್ಮ ಸಮೀರನೂ ಹೀಗೆಯೇ. ಒಂದು ಸಹಿ ಹಾಕೋ ಎಂದರೆ ನಾಳೆ, ನಾಡಿದ್ದು ಎನ್ನುತ್ತಾನೆ. ಅವರು ಬೇರೆ ಊರಿನಲ್ಲಿದ್ದರೆ ಸಹಿ ಮಾಡಿದ ಹಾಳೆಯ ಫೋಟೋ ಮೊಬೈಲಿನಲ್ಲಿ ಕಳಿಸಿದರೂ ನಡೆಯುತ್ತದೆ. ಹೀಗೆ ಕೇಳುವುದು ಅಧಿಕಪ್ರಸಂಗವಾಗಬಹುದು, ಆದರೂ ಕೇಳುತ್ತೇನೆ: ನಿಮ್ಮಿಬ್ಬರಲ್ಲಿ ಮಾತಿಲ್ಲದಿದ್ದರೆ ಅವರ ವಿಳಾಸ ಕೊಡಿ. ನಾನೇ ಬರೆದು ಕೇಳುತ್ತೇನೆ. ಫೋನಿನಲ್ಲಿ ಆಗದ ಕೆಲಸ ಪತ್ರದಲ್ಲಿ ಆಗುತ್ತದೆ ಎಂದು ನಾನು ನಂಬಿದ್ದೇನೆ.

ಅನಘಾ


ಗಜೇಂದ್ರಗಡ
12 ಡಿಸೆಂಬರ್ 2024

ತಂಗಿ ಅನಘಾ,

ನಿಮ್ಮ ಹಿಂದಿನ ಪತ್ರ ಬಂದು ಹತ್ತು ದಿನವಾಯಿತು. ಇನ್ನೊಂದು ಈಗ ಬಂತು. ಇಷ್ಟು ದಿನ ಸುಮ್ಮನಿದ್ದುದು ನನ್ನ ತಪ್ಪು. ಎರಡು ಸಲ ಬರೆಯಲು ಕುಳಿತು ಎದ್ದೆ.

ಶ್ರೀಧರ ಸಹಿ ಮಾಡಲಾರ. ಅವನು ಇಲ್ಲ. 2022ರ ದೀಪಾವಳಿ ಮುಗಿದ ವಾರ ಕಾಮಾಲೆಯಿಂದ ತೀರಿಕೊಂಡ. ಇಪ್ಪತ್ತಾರು ವರ್ಷದವನಿದ್ದ. ನಿಮ್ಮ ಜಯಂತ ಸರ್ ಅವರಿಗೂ ಹೇಳಿರಲಿಲ್ಲ. ಲೆಕ್ಕದಲ್ಲಿ ಅವನ ಹೆಸರು ಎಲ್ಲಿಯೂ ಇರಲಿಲ್ಲ, ಹೇಳುವ ಪ್ರಸಂಗ ಬರಲಿಲ್ಲ.

ಆ ಸಮ್ಮೇಳನದ ಸುದ್ದಿ ತಂದವನು ಅವನೇ. ಹೋಗೋಣ ಅಪ್ಪಾ, ಹುಬ್ಬಳ್ಳಿಯ ಅಂಗಡಿಗಳ ಮುಂದೆ ಎಷ್ಟು ದಿನ ನಿಲ್ಲುವುದು ಎನ್ನುತ್ತಿದ್ದ. ಅವನು ಹೋಗಿ ಮೂರು ತಿಂಗಳಿಗೆ ನಾವಿಬ್ಬರೂ ಹೊರಟೆವು. ಅಲ್ಲಿ ಹೆಸರು ಬರೆಸುವ ಹೊತ್ತಿಗೆ ನಾನು ಸೀರೆಯ ಗಂಟುಗಳನ್ನು ಒಳಗೆ ಇಡಲು ಹೋಗಿದ್ದೆ. ಮೇಜಿನ ಹಿಂದೆ ಕನ್ನಡ ಬಲ್ಲ ಹುಡುಗಿ ಇದ್ದಳು. ಬಂದವರ ಹೆಸರೇನು ಎಂದು ಬನಶಂಕರಿಯನ್ನು ಕೇಳಿದಳು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಂದ ಹೇಳುವುದಿಲ್ಲ, ನಿಮಗೆ ಗೊತ್ತಿದ್ದದ್ದೇ. ಹಿಂದೆ ಸಾಲು ಬೆಳೆಯುತ್ತಿತ್ತು. ಅವಳು ಮಗನ ಹೆಸರು ಹೇಳಿದಳು. ಹುಡುಗಿ ಅದನ್ನೇ ಬರೆದಳು. ಕೊರಳಿಗೆ ಹಾಕುವ ಚೀಟಿಯೂ ಹಾಗೆಯೇ ಬಂತು, ಕೊನೆಯ ದಿನ ಅವಳೇ ಬರೆದ ಪ್ರಮಾಣಪತ್ರವೂ ಹಾಗೆಯೇ ಬಂತು. ನಾನು ಓದಿ ನೋಡಿದೆ. ತಿದ್ದಿರಿ ಎನ್ನಲಿಲ್ಲ.

ಬನಶಂಕರಿಯ ಕೆಲಸ ಕೇಳಿದ್ದೀರಿ. ಅವಳಿಗೆ ಓದು ಬಾರದು. ಆದರೆ ನೂಲನ್ನು ಬೆರಳಲ್ಲಿ ಉಜ್ಜಿ ಅದು ಎಷ್ಟು ಸಪೂರ ಎಂಬ ನಂಬರು ಹೇಳುವವಳು ಅವಳು. ದಡಿಗೆ ಯಾವ ಬಣ್ಣ, ಸೆರಗಿಗೆ ಯಾವ ಬಣ್ಣ ಎಂದು ಹೇಳುವವಳೂ ಅವಳೇ. ಈರೋಡಿನವರ ಜೊತೆ ದರ ಕಟ್ಟಿದ್ದೂ ಅವಳೇ. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಿದೆ.

ಇದನ್ನೆಲ್ಲ ಇಲಾಖೆಗೆ ಹೇಗೆ ಬರೆಯಬೇಕೋ ನನಗೆ ತಿಳಿಯದು. ಖರ್ಚು ಒಪ್ಪದಿದ್ದರೆ ಬಿಡಲಿ. ಸುಳ್ಳುಗಾರ ಎಂದರೂ ಅನ್ನಲಿ. ಆ ಕಾಗದ ಮಾತ್ರ ಇದ್ದ ಹಾಗೆ ವಾಪಸು ಕಳಿಸಿರಿ.

ಮುದಿಯಪ್ಪ


ನರಗುಂದ
13 ಡಿಸೆಂಬರ್ 2024

ಮುದಿಯಪ್ಪ ಅವರಿಗೆ,

ಇವತ್ತೂ ನಿಮ್ಮ ಪತ್ರವಿಲ್ಲ. ಚಿಂತೆ ಮಾಡಬೇಡಿ, ದಾರಿ ಸಿಕ್ಕಿದೆ.

ಟಿಕೇಟುಗಳು ನಿಮ್ಮ ಹೆಸರಿನಲ್ಲಿರುವಾಗ ಹೋದವರು ನೀವೇ, ಹೆಸರು ಬರೆಯುವಲ್ಲಿ ಸಮ್ಮೇಳನದವರು ತಪ್ಪಿರಬೇಕು ಎಂದು ಜಯಂತ ಸರ್ ಹೇಳಿದರು. ಸಮ್ಮೇಳನ ನಡೆಸಿದ ಸಂಘಕ್ಕೆ ನಾನು ಮೇಲ್ ಬರೆದೆ. ನಿಮ್ಮ ಟಿಕೇಟು, ಆಧಾರ್ ಕಾರ್ಡು ನೋಡಿ ನಿಮ್ಮ ಹೆಸರಿನಲ್ಲಿ ಹೊಸ ಪ್ರಮಾಣಪತ್ರ ಕೊಡಲು ಒಪ್ಪಿದ್ದಾರೆ. ಹಳೆಯದನ್ನು ಮರಳಿಸಬೇಕೆಂದು ಅವರ ನಿಯಮ. ಅದನ್ನು ಇವತ್ತು ಬೆಳಿಗ್ಗೆ ಕೊರಿಯರ್ ಮಾಡಿದೆ. ರಟ್ಟುಗಳ ನಡುವೆ ಇಟ್ಟೇ ಕಳಿಸಿದ್ದೇನೆ, ಮಡಚಿಲ್ಲ.

ಇಲ್ಲಿ ಸೇರಿದ ಮೇಲೆ ನಾನೇ ಯೋಚಿಸಿ ಮುಗಿಸಿದ ಮೊದಲ ಕೆಲಸ ಇದು. ಇನ್ನು ಗೋಡೆಯ ಮೇಲೆ ನಿಮ್ಮದೇ ಹೆಸರಿರುತ್ತದೆ. ಬನಶಂಕರಿ ಅವರಿಗೆ ತಿಳಿಸಿ.

ಅನಘಾ


ನರಗುಂದ
17 ಡಿಸೆಂಬರ್ 2024

ಮುದಿಯಪ್ಪ ಕಾಕಾ,

12ನೇ ತಾರೀಖಿನ ನಿಮ್ಮ ಪತ್ರ ನಿನ್ನೆ ಮಧ್ಯಾಹ್ನ ಬಂತು. ಅಷ್ಟರಲ್ಲಿ ನನ್ನ ಪತ್ರ ನಿಮಗೆ ಮುಟ್ಟಿರುತ್ತದೆ. ನೀವು ಅದನ್ನು ಯಾವ ಹೊತ್ತಿನಲ್ಲಿ, ಎಲ್ಲಿ ಕುಳಿತು ಓದಿದಿರೋ ಎಂದು ನಿನ್ನೆಯಿಂದ ಅದೇ ಯೋಚನೆ.

ನಿಮ್ಮ ಪತ್ರ ಮುಗಿಸಿದ ಕೂಡಲೇ ಕೊರಿಯರಿನವರಲ್ಲಿಗೆ ಓಡಿದೆ. ಬೆಳಿಗ್ಗೆ ಹನ್ನೊಂದಕ್ಕೇ ಕೊಯಮತ್ತೂರಿಗೆ ತಲುಪಿದೆ ಎಂದು ಅವರ ಕಂಪ್ಯೂಟರು ತೋರಿಸಿತು. ಸಂಘಕ್ಕೆ ನಾಲ್ಕು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಇವತ್ತು ಒಬ್ಬರು ಎತ್ತಿದರು. ಇಂಗ್ಲಿಷಿನಲ್ಲಿ ಏನು ಹೇಳಬೇಕೋ ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದೆ. ದಯವಿಟ್ಟು ಹೊಸದು ಬೇಡ, ಹಳೆಯದನ್ನೇ ಕಳಿಸಿ ಎಂದೆ. ಅವರು ಖುಷಿಯಿಂದಲೇ ಮಾತಾಡಿದರು. ಹಳೆಯದನ್ನು ನಿನ್ನೆಯೇ ಹರಿದು ಹಾಕಿದ್ದಾರೆ, ಒಬ್ಬರಿಗೆ ಎರಡು ಇರಬಾರದು ಎಂದು. ಹೊಸದು ಆಗಲೇ ಹೊರಟಿದೆಯಂತೆ. ಚೂರುಗಳನ್ನಾದರೂ ಕಳಿಸುತ್ತೀರಾ ಎಂದು ಕೇಳಿದೆ. ನನ್ನ ಇಂಗ್ಲಿಷು ಸರಿಯಿಲ್ಲ ಎಂದುಕೊಂಡರೋ ಏನೋ, ಮತ್ತೆ ಮೊದಲಿನಿಂದ ಅದನ್ನೇ ಹೇಳಿದರು. ಕಸ ಪ್ರತಿ ಸಂಜೆ ಹೋಗುತ್ತದಂತೆ.

ಜಯಂತ ಸರ್ ನನ್ನ ಮೇಜಿನ ಹತ್ತಿರ ಬಂದು ನಿಂತರು. "ನಿಂದೇನ ತಪ್ಪಿಲ್ಲವಾ. ಕಳಸು ಅಂದಾಂವ ನಾನು" ಎಂದರು. ಆದರೆ ಕೆಲಸ ಮುಗಿದ ಮೇಲೆ ಮಡಚದೆ ಕಳಿಸಿರಿ ಎಂದು ನೀವು ಮೊದಲ ಪತ್ರದಲ್ಲೇ ಬರೆದಿದ್ದಿರಿ. ಅದನ್ನು ಓದಿದವಳು ನಾನೊಬ್ಬಳೇ. ಮಾತಿಲ್ಲದಿದ್ದರೆ ವಿಳಾಸ ಕೊಡಿ ಎಂದೂ ಬರೆದೆ. ಆ ಸಾಲನ್ನು ಈಗ ನೆನೆಸಿಕೊಳ್ಳಲು ಆಗುತ್ತಿಲ್ಲ.

ಅನಘಾ


ನರಗುಂದ
20 ಡಿಸೆಂಬರ್ 2024

ಕಾಕಾ,

ಹೊಸ ಪ್ರಮಾಣಪತ್ರ ಬಂತು, ಇವತ್ತು ಉತ್ತರವನ್ನು ಸಲ್ಲಿಸಿದೆವು. ಹಳೆಯದು ಬಂದ ದಿನವೇ ಕಂಪ್ಯೂಟರಿಗೆ ಪ್ರತಿ ಮಾಡಿಕೊಂಡಿದ್ದೆ. ಅದರ ಬಣ್ಣದ ಮುದ್ರಣವನ್ನು ಗದಗಿನಲ್ಲಿ ದಪ್ಪ ಕಾಗದದ ಮೇಲೆ ಮಾಡಿಸಿ ಇದರೊಂದಿಗೆ ಇಟ್ಟಿದ್ದೇನೆ. ಇದು ಅದಲ್ಲ ಎಂದು ನನಗೆ ಗೊತ್ತು. ಬೇರೆ ಏನೂ ನನ್ನ ಕೈಯಲ್ಲಿಲ್ಲ.

ಅನಘಾ


ಗಜೇಂದ್ರಗಡ
12 ಜನವರಿ 2025

ತಂಗಿ ಅನಘಾ,

ನಿಮ್ಮ ಮೂರೂ ಪತ್ರಗಳು ಬಂದಿವೆ. ನಿಮ್ಮ ಮೇಲೆ ಸಿಟ್ಟಿಲ್ಲ. ಹತ್ತು ದಿನ ಸುಮ್ಮನೆ ಕುಳಿತವನು ನಾನು. ಮೊದಲೇ ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು.

ನೀವು ಕಳಿಸಿದ ಮುದ್ರಣ ಚೆನ್ನಾಗಿದೆ. ಅದನ್ನೇ ಗಾಜಿನ ಹಿಂದೆ ಇಟ್ಟು ಬಂತು ನೋಡು ಎನ್ನಬಹುದಿತ್ತು. ಆದರೆ ಅವಳು ಬೆರಳಿನಿಂದ ನೋಡುವವಳು. ಆ ಹುಡುಗಿ ಪೆನ್ನನ್ನು ಒತ್ತಿ ಬರೆದಿದ್ದಳು. ಹೆಸರು ಬರೆದಲ್ಲಿ ಕಾಗದ ಹಿಂದುಗಡೆ ಉಬ್ಬಿತ್ತು. ಚೌಕಟ್ಟು ಹಾಕಿಸುವ ಮೊದಲು ಎಷ್ಟೋ ದಿನ ಬನಶಂಕರಿ ಅದರ ಮೇಲೆ ಕೈಯಾಡಿಸುತ್ತಿದ್ದಳು. ಇದರ ಬೆನ್ನು ನುಣ್ಣಗಿದೆ. ಮುಟ್ಟಿದ ಕೂಡಲೇ ತಿಳಿಯುತ್ತದೆ. ಮುದ್ರಣವನ್ನು ನೂಲಿನ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ.

ಹಿಂದಿನ ಪತ್ರದಲ್ಲಿ ನಾನು ಪೂರ್ತಿ ಖರೇ ಬರೆದಿರಲಿಲ್ಲ. ಗಂಡನ ಹೆಸರು ಹೇಳಬಾರದೆಂದು ಅವಳು ಮಗನ ಹೆಸರು ಹೇಳಿದ್ದಲ್ಲ. ಪ್ರತಿ ತಿಂಗಳು ರೇಷನ್ ಅಂಗಡಿಯಲ್ಲಿ ನನ್ನ ಹೆಸರು ಹೇಳಿಯೇ ಅಕ್ಕಿ ತರುತ್ತಾಳೆ. ನಮ್ಮೂರಿನಲ್ಲಿ ಈಗ ಯಾರೂ ಅದಕ್ಕೆ ನಗುವುದಿಲ್ಲ. ಕೊಯಮತ್ತೂರಿನಲ್ಲಿ ಮೊದಲ ದಿನ ಸಂಜೆ, ನಾನು ಕೊರಳಿನ ಚೀಟಿ ತೋರಿಸಿ ಇದೇನು ಮಾಡಿದೆ ಎಂದಾಗ, "ಇಲ್ಲಿ ಯಾರಿಗೂ ಗೊತ್ತಿಲ್ಲಲ್ರೀ" ಎಂದಳು. ಅಷ್ಟೇ ಹೇಳಿದ್ದು. ನನಗೆ ಅಷ್ಟು ಸಾಕಿತ್ತು.

ಮೂರು ದಿವಸ ಎಲ್ಲರೂ ನನ್ನನ್ನು ಶ್ರೀಧರ್ ಸರ್ ಎಂದರು. ನನಗೆ ಕೇಳಿಸುತ್ತಿರಲಿಲ್ಲ. ಪ್ರತಿ ಸಲ ಅವಳು ಮೊಣಕೈಯಿಂದ ತಿವಿದು "ಕರೀತಾರ, ಓ ಅನ್ರಿ" ಎನ್ನುತ್ತಿದ್ದಳು. ನಾನು ಓ ಎನ್ನುತ್ತಿದ್ದೆ. ಅಲ್ಲಿ ಅವನು ಇದ್ದಾನೆ ಎಂದು ತಿಳಿದು ಒಬ್ಬರು ಬರೆದ ಕಾಗದ ಅದು. ನಾವು ಎಷ್ಟು ಪ್ರತಿ ಮಾಡಿಸಿದರೂ ಅವನು ಇಲ್ಲವೆಂದು ತಿಳಿದೇ ಮಾಡಿಸುತ್ತೇವೆ.

ಅವಳಿಗೆ ಇನ್ನೂ ಹೇಳಿಲ್ಲ. ಕೇಸು ನಡೆದಿದೆ, ಕಾಗದ ಸಾಹೇಬರ ಮುಂದಿದೆ ಎನ್ನುತ್ತಿದ್ದೇನೆ. ಅವಳು ನಂಬುತ್ತಿಲ್ಲ. ಸುಳ್ಳು ಹೇಳುವಾಗ ನನ್ನ ದನಿ ದೊಡ್ಡದಾಗುತ್ತದಂತೆ, ನನಗೇನು ಗೊತ್ತು. ನಿಮ್ಮ ಆಫೀಸಿನ ಕಾಗದ ಬಂದರೆ ಪಕ್ಕದ ಮನೆಯ ಫರ್ಜಾನಾಳ ಕೈಯಲ್ಲಿ ಓದಿಸಿ ನಂಬುತ್ತಾಳೆ. ಆದೇಶ ಬಂದರೂ ಮನೆಗೆ ಕಳಿಸಬೇಡಿರಿ. ಇನ್ನೂ ಮುಗಿದಿಲ್ಲ ಎಂದು ಅವಳ ಹೆಸರಿಗೆ ಒಂದು ಪತ್ರ ಬರೆಯಿರಿ. ಇದು ತಪ್ಪೆಂದು ನನಗೆ ಗೊತ್ತಿದೆ. ಆಗುವುದಿಲ್ಲವೆಂದರೆ ಬೇಡ.

ಮುದಿಯಪ್ಪ


ನರಗುಂದ
14 ಮಾರ್ಚ್ 2025

ಕಾಕಾ,

ಆದೇಶ ಬಂತು, ಅದನ್ನು ಆಫೀಸಿನಲ್ಲೇ ಇಟ್ಟಿದ್ದೇನೆ. ನಿಮ್ಮ ಖರ್ಚನ್ನು ಒಪ್ಪಿದ್ದಾರೆ. ನೀವು ಸಮ್ಮೇಳನಕ್ಕೆ ಹೋಗಿದ್ದಿರಿ, ವ್ಯಾಪಾರಕ್ಕಾಗಿಯೇ ಹೋಗಿದ್ದಿರಿ ಎಂದು ಬರೆದಿದ್ದಾರೆ. ಸುಳ್ಳು ಎಂಬ ಮಾತು ಎಲ್ಲೂ ಇಲ್ಲ. ಹೊಸ ಪ್ರಮಾಣಪತ್ರದ ತಾರೀಖನ್ನೂ ಉಲ್ಲೇಖಿಸಿದ್ದಾರೆ. ಬನಶಂಕರಿ ಅವರ ಖರ್ಚನ್ನು ಮಾತ್ರ ತಳ್ಳಿಹಾಕಿದ್ದಾರೆ. ಅವರಿಗೂ ವ್ಯಾಪಾರಕ್ಕೂ ಸಂಬಂಧ ಕಂಡುಬಂದಿಲ್ಲವಂತೆ. ಬೆರಳಲ್ಲಿ ನೂಲಿನ ನಂಬರು ಹೇಳುವುದು, ದರ ಕಟ್ಟಿದ್ದು ಎಲ್ಲವನ್ನೂ ನಾನು ಎರಡು ಪುಟ ಬರೆದಿದ್ದೆ. ಅವರು ಸಂಬಳದ ಚೀಟಿ ಕೇಳಿದರು. ಕಟ್ಟಬೇಕಾದ ತೆರಿಗೆ ಹೆಚ್ಚೇನಿಲ್ಲ, ಜಯಂತ ಸರ್ ನೋಡಿಕೊಳ್ಳುತ್ತಾರೆ. ನಾವು ಗೆದ್ದೆವು ಎಂದು ಅವರು ಪೇಢೆ ತರಿಸಿದರು. ನಾನು ನನ್ನದನ್ನು ಡ್ರಾವರಿನಲ್ಲಿ ಇಟ್ಟೆ.

ಎರಡು ತಿಂಗಳು ನಿಮಗೆ ಉತ್ತರಿಸಲಿಲ್ಲ. ಆಗುವುದಿಲ್ಲ ಎಂದು ಬರೆಯಲೂ ಆಗಲಿಲ್ಲ, ನೀವು ಕೇಳಿದ್ದನ್ನು ಬರೆಯಲೂ ಆಗಲಿಲ್ಲ. ಇದರ ಜೊತೆ ಇನ್ನೊಂದು ಲಕೋಟೆ ಇದೆ, ಬನಶಂಕರಿ ಅವರ ಹೆಸರಿಗೆ. ಆಫೀಸಿನ ಮೊಹರು ಹಾಕಿದ್ದೇನೆ. ಸರ್‌ಗೆ ಹೇಳಿಲ್ಲ. ಒಳಗಿರುವುದು ಇಷ್ಟೇ:

"ಬನಶಂಕರಿ ಅವ್ವ ಅವರಿಗೆ ನಮಸ್ಕಾರ. ನಿಮ್ಮ ಮನೆಯ ಪ್ರಕರಣ ಇನ್ನೂ ವಿಚಾರಣೆಯಲ್ಲಿದೆ. ಶ್ರೀಧರ ಅವರ ಹೆಸರಿನ ಪ್ರಮಾಣಪತ್ರ ಅಧಿಕಾರಿಗಳ ಮುಂದಿದೆ. ಮುಗಿಯಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಅದು ಅಲ್ಲಿಯೇ ಇರಬೇಕಾಗುತ್ತದೆ."

ನಾಲ್ಕು ಸಾಲು. ಇದಕ್ಕಿಂತ ಕಷ್ಟಪಟ್ಟು ನಾನು ಏನನ್ನೂ ಬರೆದಿಲ್ಲ. ಕೊಡುವುದೋ ಬಿಡುವುದೋ ನೀವೇ ನೋಡಿ.

ಅನಘಾ


ಗಜೇಂದ್ರಗಡ
24 ಮಾರ್ಚ್ 2025

ಯವ್ವಾ ಅನಘಾ,

ನಾ ಬನಶಂಕರಿ. ಬರಿಯಾಕಿ ಬಾಜೂ ಮನಿ ಫರ್ಜಾನಾ. ನಾ ಅಂದ್ಹಂಗ ಬರಿ, ತಿದ್ದಬ್ಯಾಡ ಅಂತ ಹೇಳೇನಿ.

ನಿನ್ನ ಕಾಗದ ಓದಿಸಿದ್ನಿ. ಎರಡ ಸಲ ಓದಿಸಿದ್ನಿ. ಇವರು ಅಲ್ಲೇ ಕುಂತಿದ್ರು, ಅವರಿಗೇನ ಕೇಳಬೇಕು, ನನ್ನ ಮಾರಿ ನೋಡಕೋತ ಕುಂತಿದ್ರು. ಮೂರು ತಿಂಗಳಾತು ಇವರ ನಡತಿ ನೋಡಿ ನಾ ಅಂಜಿದ್ದೆ. ಕಾಗದ ಎಲ್ಲ್ಯರ ಕಳದೈತಿ, ನನಗ ಹೇಳವಲ್ರು ಅಂತ ತಿಳದಿದ್ದೆ. ಇಲ್ಲಾ, ಸಾಹೇಬ್ರ ಮುಂದ ಐತಿ ಅಂತ ಬರದೀದಿ. ಭಾಳ ಚಲೋ ಆತು.

ನಮ್ಮ ಶ್ರೀಧರ ಹೋದ ಮ್ಯಾಲ ಎಲ್ಲಾ ಆಫೀಸಿನ್ಯಾಗೂ ಅವನ ಹೆಸರ ಹೊಡದ ಹಾಕಿದ್ರವ್ವ. ಬ್ಯಾಂಕಿನ್ಯಾಗ ಹೊಡದ್ರು, ಓಟಿನ ಪಟ್ಟ್ಯಾಗ ಹೊಡದ್ರು. ಒಂದೊಂದಕ್ಕ ಎಲಿ ಅಡಿಕಿ ಹಾಕ್ಕೊಳ್ಳೋವಷ್ಟು ಹೊತ್ತೂ ಹಿಡೀಲಿಲ್ಲ. ಈ ನಿಮ್ಮ ಟ್ಯಾಕ್ಸಿನವರು ಚಲೋ ಮಂದಿ. ಇಷ್ಟ ತಿಂಗಳಾತು, ಶ್ರೀಧರ ಹೋಗಿದ್ನೋ ಇಲ್ಲೋ, ಏನ ಮಾಡಿದಾ ಅಂತ ಕೂತು ವಿಚಾರ ಮಾಡಾಕತ್ತಾರ. ಅವನ ಹೆಸರ ದಿನಾ ಯಾರರ ಒಬ್ಬರು ಓದತಾರ.

ನೀ ಅವರಿಗೆ ಲಗೂ ಮುಗಸ್ರಿ ಅನಬ್ಯಾಡ. ಕಾಗದ ಅಲ್ಲೇ ಇರಲಿ. ಏನರ ಕೇಳೂದಿದ್ರ ಇವರಿಗೆ ಬರೀಬ್ಯಾಡ, ಇವರು ಅರ್ಧಾ ಹೇಳತಾರ. ನನಗ ಬರಿ. ಅವ ಯಾವಾಗ ಮಗ್ಗ ಕಲತಾ, ಯಾ ದಡಿ ಅವನ ಕೈಯಾಂದು, ಏನ ಉಣ್ಣತಿದ್ದ, ಸಾಹೇಬ್ರು ಏನ ಕೇಳಿದ್ರೂ ಹೇಳತೀನಿ.

ಬನಶಂಕರಿ